‘ನೋ ವಾರಂಟಿ’ ಅಂತ ಬಿಲ್‌ನಲ್ಲಿ ಬರೆದು ಹಳೇ ಮಷಿನ್ ಮಾರಿದ್ದೀನಿ. ನನ್ನ ಜವಾಬ್ದಾರಿ ಅಲ್ಲಿಗೇ ಮುಗೀತಾ?

ಮಷಿನ್ ಅಂಗಡಿ, ಕಾಮಾಕ್ಷಿಪಾಳ್ಯ

ಎಲ್ಲರಿಗೂ ನಮಸ್ಕಾರ. ಕಾಮಾಕ್ಷಿಪಾಳ್ಯದಲ್ಲಿ ಹಳೇ ಹೊಲಿಗೆ ಮಷಿನ್ ಅಂಗಡಿ ಇಟ್ಟು ಹದಿಮೂರು ವರ್ಷ ಆಯ್ತು. ಮೈಸೂರು ರಸ್ತೆ, ಪೀಣ್ಯ, ಬೊಮ್ಮನಹಳ್ಳಿ ಕಡೆ ಯಾವುದಾದ್ರೂ ಗಾರ್ಮೆಂಟ್ಸ್ ಮುಚ್ಚಿದಾಗ, ಇಲ್ಲ ಹೊಸ ಲೈನ್ ಹಾಕಿದಾಗ, ಹತ್ತು ಇಪ್ಪತ್ತು ಪವರ್ ಮಷಿನ್ ಒಟ್ಟಿಗೆ ಎತ್ತಿಕೊಂಡು ಬರ್ತೀನಿ. ಆಯಿಲ್ ಪ್ಯಾನ್ ತೊಳೆದು, ಬೆಲ್ಟ್ ಹಾಕಿ, ಟೈಮಿಂಗ್ ಕೂರಿಸಿ, ಮನೆಯಲ್ಲೇ ಹೊಲಿಯೋ ಹೆಣ್ಣುಮಕ್ಕಳಿಗೆ, ಸಣ್ಣಪುಟ್ಟ ಟೈಲರ್‌ಗಳಿಗೆ ಮಾರ್ತೀನಿ. ಬಿಲ್ ಕೊಡ್ತೀನಿ. ಕೆಳಗೆ ಎರಡು ಸಾಲು ಅಚ್ಚಾಗಿದೆ: ‘ನೋ ವಾರಂಟಿ. ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.’ ನಮ್ಮ ಲೈನಲ್ಲಿ ಎಲ್ಲರೂ ಹಾಗೇ ಅಚ್ಚು ಹಾಕಿಸೋದು.

ಹೋದ ತಿಂಗಳು ಸುಂಕದಕಟ್ಟೆಯಿಂದ ಒಬ್ಬ ತಾಯಿ ಬಂದ್ರು. ಗಂಡ ಇಲ್ಲ, ಗಾರ್ಮೆಂಟ್ಸ್ ಕೆಲಸ ಬಿಟ್ಟಿದ್ದಾರೆ, ಮನೆಯಲ್ಲೇ ಸ್ಕೂಲ್ ಬ್ಯಾಗ್ ಹೊಲಿದು ಕೊಡೋ ಆರ್ಡರ್ ಸಿಕ್ಕಿದೆ ಅಂದ್ರು. ಒಂದು ಸಿಂಗಲ್ ನೀಡಲ್ ಮಷಿನ್, ಟೇಬಲ್, ಮೋಟಾರ್ ಸೇರಿ 14,500ಕ್ಕೆ ಕೊಟ್ಟೆ. ಅಂಗಡಿಯಲ್ಲೇ ಕೂತು ಒಂದು ಚೂರು ಕಾಟನ್ ಬಟ್ಟೆ ಹೊಲಿದು ನೋಡಿದ್ರು, ಹೊಲಿಗೆ ಚೆನ್ನಾಗೇ ಬಂತು. ಹನ್ನೊಂದನೇ ದಿನ ಮೋಟಾರ್ ಸುಟ್ಟುಹೋಗಿದೆ. ನಾನು ಬಿಲ್ ತೋರಿಸ್ದೆ, ರಿಪೇರಿ ಖರ್ಚು ನಿಮ್ಮದೇ ಅಂದೆ. ಅವರು ಏನೂ ಮಾತಾಡ್ಲಿಲ್ಲ, ಸುಮ್ನೆ ಹೋದ್ರು. ಮಾರನೇ ದಿನ ಅವರ ಮೈದುನ ಫೋನ್ ಮಾಡಿ ಗ್ರಾಹಕರ ಕೋರ್ಟ್‌ಗೆ ಹಾಕ್ತೀವಿ ಅಂದ.

ಕೋರ್ಟ್ ಭಯಕ್ಕೆ ಮಾತ್ರ ಕೇಳ್ತಿಲ್ಲ. ಆ ತಾಯಿ ಸುಮ್ನೆ ಹೋಗಿದ್ದು ಎರಡು ದಿನದಿಂದ ನಿದ್ದೆ ಕೆಡಿಸಿದೆ. ವಾರಂಟಿ ಇಲ್ಲದೆ ಹಳೇ ಸಾಮಾನು ಮಾರೋ ಅಂಗಡಿಗೆ ಕಾನೂನು ಪ್ರಕಾರ ಏನೇನು ಜವಾಬ್ದಾರಿ ಇದೆ? ತಿಳಿದವರು ಹೇಳಿ.

ದೊಡ್ಡಬಳ್ಳಾಪುರದವನು

ಅಣ್ಣ, ನಿಮ್ಮದೇನೂ ತಪ್ಪಿಲ್ಲ ಅನ್ಸುತ್ತೆ ನನಗೆ. ನಮ್ಮ ಕಡೆ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಎತ್ತು ಕೊಳ್ಳೋನು ಬಾಯಿ ಬಿಡಿಸಿ ಹಲ್ಲು ಎಣಿಸ್ತಾನೆ, ಸುಳಿ ನೋಡ್ತಾನೆ, ನಾಲ್ಕು ಹೆಜ್ಜೆ ನಡೆಸ್ತಾನೆ. ಆಮೇಲೇ ಬೆಲೆ ಕುದುರಿಸೋಕೆ ಟವೆಲ್ ಕೆಳಗೆ ಬೆರಳು ಹಿಡಿಯೋದು. ಊರಿಗೆ ಹೋದ್ಮೇಲೆ ಎತ್ತು ಮಲಗಿದ್ರೆ ಮಾರಿದೋನು ಬರಲ್ಲ. ಹೊಸ ಮಷಿನ್ ತಗೊಳ್ಳೋ ದುಡ್ಡಲ್ಲಿ ಅರ್ಧಕ್ಕೆ ಸಿಕ್ಕಿದೆ ಅಂದ್ರೆ ಸ್ವಲ್ಪ ಅಪಾಯ ಕೊಂಡೋರೇ ಹೊರಬೇಕು. ಅಂಗಡಿಯಲ್ಲೇ ಹೊಲಿದು ನೋಡಿದ್ದಾರಲ್ಲ.

ಕಪ್ಪು ಕೋಟು

ಗ್ರಾಹಕ ಪ್ರಕರಣಗಳನ್ನೇ ಹೆಚ್ಚು ನಡೆಸುವ ವಕೀಲ ನಾನು. ಸ್ವಲ್ಪ ಉದ್ದ ಬರೀತೀನಿ. ಇದರಲ್ಲಿ ಅರ್ಧ ತಿಳಿದುಕೊಂಡು ಕೆಟ್ಟವರನ್ನು ಎರಡೂ ಕಡೆ ನೋಡಿದ್ದೀನಿ.

ಮೊದಲು ‘ವಾರಂಟಿ’ ಅನ್ನೋ ಪದ. ಅಂಗಡಿ ಮಾತಿನಲ್ಲಿ ವಾರಂಟಿ ಅಂದ್ರೆ ‘ಆರು ತಿಂಗಳು ಕೆಟ್ಟರೆ ನಾವೇ ಮಾಡಿಕೊಡ್ತೀವಿ’ ಅನ್ನೋ ಭರವಸೆ. ಆ ಭರವಸೆ ಕೊಡಲೇಬೇಕು ಅಂತ ಯಾವ ಕಾನೂನೂ ಹೇಳೋದಿಲ್ಲ. ಕೊಡದೆ ಮಾರೋದು ನಿಮ್ಮ ಹಕ್ಕು. ಆದರೆ 1930ರ ಸರಕು ಮಾರಾಟ ಕಾಯ್ದೆ ಮಾರಾಟದ ಒಳಗಿನ ಮಾತುಗಳನ್ನು ಎರಡು ಬಗೆ ಮಾಡುತ್ತೆ. ಒಂದು ಷರತ್ತು, ಅಂದರೆ ವ್ಯವಹಾರದ ಬುಡ. ಅದು ಮುರಿದರೆ ಕೊಂಡವರು ವ್ಯವಹಾರವನ್ನೇ ತಳ್ಳಿಹಾಕಬಹುದು. ಇನ್ನೊಂದು ವಾರಂಟಿ, ಅಂದರೆ ಬುಡಕ್ಕೆ ಅಂಟಿಕೊಂಡ ಮಾತು. ಅದು ಮುರಿದರೆ ಪರಿಹಾರ ಮಾತ್ರ ಕೇಳಬಹುದು. ಬಿಲ್‌ನಲ್ಲಿ ನೀವು ‘ನೋ ವಾರಂಟಿ’ ಅಂತ ಬರೆದ ಮಾತ್ರಕ್ಕೆ ಕಾನೂನೇ ಒಳಗೆ ಸೇರಿಸಿರೋ ಷರತ್ತುಗಳು ಅಳಿಸಿಹೋಗೋದಿಲ್ಲ.

ಆ ಷರತ್ತುಗಳಲ್ಲಿ ನಿಮಗೆ ತಾಗೋದು ಇವು. ಮಾರೋಕೆ ನಿಮಗೆ ಹಕ್ಕಿರಬೇಕು, ಸೆಕ್ಷನ್ 14. ನೀವು ಏನು ಅಂತ ಹೇಳಿ ಮಾರಿದ್ರೋ ಅದೇ ಆಗಿರಬೇಕು, ಸೆಕ್ಷನ್ 15. ‘ಸರ್ವೋ ಮೋಟಾರ್’ (ಪೆಡಲ್ ಒತ್ತಿದಾಗ ಮಾತ್ರ ತಿರುಗೋದು) ಅಂತ ಹೇಳಿ ಕ್ಲಚ್ ಮೋಟಾರ್ (ಸದಾ ತಿರುಗ್ತಾನೇ ಇರೋ ಹಳೇ ಬಗೆ) ಕೊಟ್ಟರೆ, ಹಳೇದಾಗಲಿ ಹೊಸದಾಗಲಿ, ಅದು ಸಲ್ಲೋದಿಲ್ಲ. ಮೂರನೇದು ಸೆಕ್ಷನ್ 16. ಇಲ್ಲಿ ಮೊದಲ ಮಾತೇ ದೊಡ್ಡಬಳ್ಳಾಪುರದವರು ಹೇಳಿದ್ದು: ಗುಣಮಟ್ಟಕ್ಕೆ ಮಾರುವವನು ತಾನಾಗಿ ಹೊಣೆಯಲ್ಲ, ಕೊಳ್ಳುವವನು ನೋಡಿ ಕೊಳ್ಳಬೇಕು. ಆದರೆ ಅದೇ ಸೆಕ್ಷನ್‌ನಲ್ಲಿ ವಿನಾಯಿತಿಗಳಿವೆ. ಕೊಳ್ಳುವವರು ‘ನನಗೆ ಇಂಥಾ ಕೆಲಸಕ್ಕೆ ಬೇಕು’ ಅಂತ ತಿಳಿಸಿ, ನಿಮ್ಮ ಅನುಭವ ನಂಬಿ ಕೊಂಡರೆ, ಆ ಸರಕು ನಿಮ್ಮ ಕಸುಬಿನದ್ದೇ ಆಗಿದ್ದರೆ, ಅದು ಆ ಕೆಲಸಕ್ಕೆ ತಕ್ಕಮಟ್ಟಿಗೆ ಒದಗಬೇಕು. ಇನ್ನು ವಿವರಣೆ ಕೇಳಿ ಕೊಂಡ ಸರಕು ಮಾರಾಟಕ್ಕೆ ಯೋಗ್ಯವಾಗಿರಬೇಕು. ಕೊಂಡವರು ಪರೀಕ್ಷೆ ಮಾಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಿದ್ದ ದೋಷಕ್ಕೆ ನೀವು ಹೊಣೆಯಲ್ಲ. ಕಾಣಬೇಕಿದ್ದ ದೋಷ, ಈ ಪದ ನೆನಪಿಟ್ಟುಕೊಳ್ಳಿ. ಒಂದು ಚೂರು ಕಾಟನ್ ಹೊಲಿದರೆ ಮೋಟಾರ್ ಒಳಗಿನ ಕಾಯಿಲ್, ಅಂದರೆ ಸುತ್ತಿದ ತಂತಿ, ಕಾಣೋದಿಲ್ಲ.

ಈಗ ನೀವು ಬರೆದದ್ದನ್ನೇ ಓದಿ. ಸ್ಕೂಲ್ ಬ್ಯಾಗ್ ಹೊಲಿಯೋಕೆ ಅಂತ ಅವರು ಬಾಯಿಬಿಟ್ಟು ಹೇಳಿದ್ದಾರೆ. ನೀವು ಕೊಟ್ಟ ಮಷಿನ್ ಅದಕ್ಕೆ ಆಗೋ ಅಂಥದ್ದಾ?

ಇನ್ನೊಂದು ಪ್ರಶ್ನೆ. ದಯವಿಟ್ಟು ನೇರವಾಗಿ ಹೇಳಿ. ಆ ಮೋಟಾರ್ ಬಗ್ಗೆ ನಿಮಗೆ ಮೊದಲೇ ಏನಾದರೂ ಗೊತ್ತಿತ್ತಾ?

ನೂಲು-ಸೂಜಿ

ನಾನೂ ಟೈಲರ್. ಪೀಣ್ಯ ಎರಡನೇ ಹಂತದಲ್ಲಿ ಒಂಬತ್ತು ವರ್ಷ ಗಾರ್ಮೆಂಟ್ಸ್‌ನಲ್ಲಿ ಇದ್ದು ಈಗ ಮನೆಯಲ್ಲೇ ಹೊಲೀತೀನಿ. ವಕೀಲರ ಪ್ರಶ್ನೆಗೆ ನಾನೇ ಉತ್ತರ ಕೊಡ್ತೀನಿ. ಶರ್ಟ್, ಬ್ಲೌಸ್ ಹೊಲಿಯೋ ಮಷಿನ್‌ನಲ್ಲಿ ಬ್ಯಾಗ್ ಆಗಲ್ಲ. ಪಟ್ಟಿ ಸೇರಿಸೋ ಜಾಗದಲ್ಲಿ ನಾಲ್ಕೈದು ಪದರ ಬರುತ್ತೆ, ಒಳಗೆ ಫೋಮ್ ಬೇರೆ. ಬಟ್ಟೆ ಒತ್ತಿ ಹಿಡಿಯೋ ಪ್ರೆಸರ್ ಫುಟ್ ಮೇಲೇಳಲ್ಲ, ಕೆಳಗಿನ ಹಲ್ಲು ಬಟ್ಟೆ ಎಳೆಯಲ್ಲ, ಹೊಲಿಗೆ ಬಿಡುತ್ತೆ, ಸೂಜಿ ಪಟ್ ಅಂತ ಮುರಿಯುತ್ತೆ. ಆಗ ಕಾಲಲ್ಲಿ ಪೆಡಲ್ ಒತ್ತಿ ಹಿಡಿದು, ಕೈಯಲ್ಲಿ ಚಕ್ರ ತಿರುಗಿಸಿ ದಾಟಿಸಬೇಕು. ಪಟ್ಟಿಗೆ ಪಟ್ಟಿಗೆ ಹೀಗೆ ಮಾಡಿದ್ರೆ ಮೋಟಾರ್ ಎಷ್ಟು ದಿನ ಬರುತ್ತೆ? ಬ್ಯಾಗ್‌ಗೆ ಹೆವಿ ಮಷಿನ್, ದಪ್ಪ ಬಟ್ಟೆನ ಮೇಲಿಂದಲೂ ಎಳೆಯೋ ವಾಕಿಂಗ್ ಫುಟ್ ಇರೋದು ಬೇಕು.

ಅಣ್ಣ, ಇದು ನಿಮಗೆ ಗೊತ್ತಿಲ್ಲದ್ದೇನಲ್ಲ. ಲೈನಲ್ಲಿ ಕೂತು ಕಾಲರ್ ಇಲ್ಲ ಕಫ್ ಮಾತ್ರ ಹೊಲಿದೋರಿಗೆ ಮಷಿನ್ ಯಾವ ದಪ್ಪಕ್ಕೆ ತಡೆಯುತ್ತೆ ಅಂತ ಗೊತ್ತಿರಲ್ಲ. ಅಲ್ಲಿ ಮಷಿನ್ ಕೆಟ್ಟರೆ ಮೆಕ್ಯಾನಿಕ್ ಬರ್ತಾನೆ, ನಾವು ಕೈಕಟ್ಟಿ ಕೂರ್ತೀವಿ. ಅದಕ್ಕೇ ಅಂಗಡಿಯವರ ಮಾತು ನಂಬೋದು.

ಮಷಿನ್ ಅಂಗಡಿ, ಕಾಮಾಕ್ಷಿಪಾಳ್ಯ

ಅಕ್ಕ ಹೇಳಿದ್ದು ನಿಜ. ಅವತ್ತು ಹೆವಿ ಮಷಿನ್ ಅಂಗಡಿಯಲ್ಲಿ ಇರಲಿಲ್ಲ. ಇದರಲ್ಲೇ ನಡೆಯುತ್ತೆ, ದಪ್ಪ ಸೂಜಿ ಹಾಕ್ಕೊಳ್ಳಿ ಅಂದುಬಿಟ್ಟೆ.

ವಕೀಲರೇ, ನಿಮ್ಮ ಎರಡನೇ ಪ್ರಶ್ನೆಗೆ ನಿನ್ನೆ ರಾತ್ರಿನೇ ಉತ್ತರ ಬರೆದು ಅಳಿಸಿದ್ದೆ. ಈಗ ಹೇಳ್ತೀನಿ. ಗೊತ್ತಿತ್ತು. ಲಾಟ್‌ನಲ್ಲಿ ಬಂದಾಗಲೇ ನಮ್ಮ ಮೆಕ್ಯಾನಿಕ್ ಮುಚ್ಚಳ ತೆಗೆದು ತೋರಿಸಿದ್ದ. ಒಂದು ಸಲ ಸುಟ್ಟು ರೀವೈಂಡಿಂಗ್ ಆಗಿತ್ತು, ಅಂದ್ರೆ ಒಳಗಿನ ತಂತಿ ಹೊಸದಾಗಿ ಸುತ್ತಿದ್ರು. ತಂತಿ ಕಟ್ಟಿದ ದಾರ ಕಪ್ಪಾಗಿತ್ತು, ಮೂಗಿಗೆ ಸುಟ್ಟ ವಾರ್ನಿಷ್ ವಾಸನೆ ಇನ್ನೂ ಬರ್ತಿತ್ತು. ‘ಲೈಟ್ ಕೆಲಸಕ್ಕೆ ಆದ್ರೆ ಓಡುತ್ತೆ ಬಿಡಿ’ ಅಂದ. ಮುಚ್ಚಳ ಹಾಕಿಸಿ ಪೇಂಟ್ ಹೊಡೆಸ್ದೆ. ಆ ತಾಯಿಗೆ ಹೇಳಲಿಲ್ಲ.

ಕಪ್ಪು ಕೋಟು

ಹೇಳಿದ್ದಕ್ಕೆ ಧನ್ಯವಾದ. ಇದನ್ನ ಬರೆಯೋದು ಸುಲಭವಲ್ಲ.

ಇದರಿಂದ ಲೆಕ್ಕವೇ ಬದಲಾಯ್ತು. ಗೊತ್ತಿಲ್ಲದ ದೋಷ ಬೇರೆ, ಗೊತ್ತಿದ್ದು ಮುಚ್ಚಿದ ದೋಷ ಬೇರೆ. 1872ರ ಕರಾರು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ತಿಳಿದ ಸಂಗತಿಯನ್ನು ಮೋಸ ಮಾಡುವ ಉದ್ದೇಶದಿಂದ ಮರೆಮಾಚೋದು ವಂಚನೆ. ಬರೀ ಸುಮ್ಮನಿರೋದು ಸಾಮಾನ್ಯವಾಗಿ ವಂಚನೆ ಆಗಲ್ಲ. ಆದರೆ ನೀವು ಸುಮ್ಮನಿರಲಿಲ್ಲ, ಮೇಲೆ ಪೇಂಟ್ ಹೊಡೆಸಿದ್ರಿ, ಬ್ಯಾಗ್‌ಗೆ ಆಗುತ್ತೆ ಅಂತಲೂ ಹೇಳಿದ್ರಿ. ಉದ್ದೇಶ ಅದಾಗಿರಲಿಲ್ಲ ಅಂತ ನೀವು ವಾದಿಸಬಹುದು, ಆದರೆ ಪೇಂಟ್ ನಿಮ್ಮ ವಿರುದ್ಧವೇ ಮಾತಾಡುತ್ತೆ. ‘ನೋ ವಾರಂಟಿ’ ಸಾಲಿಗೆ ಇದನ್ನ ಹೊರೋ ಶಕ್ತಿ ಇಲ್ಲ.

ಸರಕು ಮಾರಾಟ ಕಾಯ್ದೆಯಲ್ಲೇ 62ನೇ ಸೆಕ್ಷನ್ ಇದೆ, ಮಾರುವವರ ಪರವಾದದ್ದು. ಕಾನೂನು ಒಳಗೆ ಸೇರಿಸಿರೋ ಷರತ್ತನ್ನ ಇಬ್ಬರೂ ಸ್ಪಷ್ಟವಾಗಿ ಒಪ್ಪಿಕೊಂಡು ಕೈಬಿಡಬಹುದು. ಹರಾಜಿನಲ್ಲಿ ‘ಇದ್ದ ಹಾಗೆ, ಇದ್ದಲ್ಲಿ’ ಅಂತ ಮಾರೋದು ಇದರ ಮೇಲೆಯೇ ನಿಂತಿದೆ. ಆದರೆ ಒಪ್ಪಿಗೆ ಅಂದರೆ ದುಡ್ಡು ಕೊಡೋ ಮೊದಲು ತಿಳಿದು ಒಪ್ಪೋದು. ದುಡ್ಡು ಎಣಿಸಿಕೊಂಡ ಮೇಲೆ ಹರಿದುಕೊಟ್ಟ ಬಿಲ್‌ನ ಅಡಿಯಲ್ಲಿ ಅಚ್ಚಾದ ಸಾಲನ್ನ ಒಪ್ಪಿಗೆ ಅಂತ ಸಾಬೀತು ಮಾಡೋದು ಕಷ್ಟ.

ಇನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, 2020ರ ಜುಲೈನಿಂದ ಜಾರಿಯಲ್ಲಿದೆ. ಇದು ಹೊಸ ಸಾಮಾನಿಗೆ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗೇನಿಲ್ಲ, ದುಡ್ಡು ಕೊಟ್ಟು ಕೊಂಡ ಯಾವ ಸರಕೂ ಆಗುತ್ತೆ. ಅದರಲ್ಲಿ ‘ದೋಷ’ದ ವ್ಯಾಖ್ಯೆ ನೋಡಿ: ಕಾನೂನು ಇಲ್ಲವೇ ಕರಾರು ಬಯಸೋ ಗುಣಮಟ್ಟದಲ್ಲಿ ಕೊರತೆ ಇದ್ದರೂ ದೋಷ, ವ್ಯಾಪಾರಿ ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟ ಇಲ್ಲದಿದ್ದರೂ ದೋಷ. ಯಾವುದೇ ರೀತಿಯಲ್ಲಿ ಅಂದ್ರೆ ಬಾಯಿಮಾತು, ವಾಟ್ಸಾಪ್ ಸ್ಟೇಟಸ್, ಅಂಗಡಿ ಮುಂದಿನ ಬೋರ್ಡ್ ಎಲ್ಲ ಸೇರಿತು. ಹಳೇದನ್ನ, ರಿಪೇರಿ ಮಾಡಿದ್ದನ್ನ ಹೊಸದು ಅಂತ ಮಾರೋದು ಅದೇ ಕಾಯ್ದೆಯಲ್ಲಿ ಹೆಸರಿಟ್ಟು ಹೇಳಿರೋ ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರೋದೂ ಹಾಗೇ.

ನಿಮ್ಮ ಎರಡನೇ ಸಾಲು, ‘ಮಾರಿದ ಮಾಲು ವಾಪಸ್ ಇಲ್ಲ’, ಅದು ಇನ್ನೂ ದುರ್ಬಲ. ದೋಷ ಇರೋ ಸರಕನ್ನ ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತಗೊಂಡು ದುಡ್ಡು ಕೊಡೋಕೆ ನಿರಾಕರಿಸಿದರೆ ಅದೂ ಅನುಚಿತ ಪದ್ಧತಿಯೇ. ಮನಸ್ಸು ಬದಲಾಯ್ತು, ಬಣ್ಣ ಹಿಡಿಸಲಿಲ್ಲ ಅಂತ ಬಂದೋರಿಗೆ ಇದು ಅನ್ವಯಿಸೋಲ್ಲ. ದೋಷ ಇರಬೇಕು. ನಿಮ್ಮ ಲೆಕ್ಕದಲ್ಲಿ ಹನ್ನೊಂದನೇ ದಿನ.

ದೊಡ್ಡಬಳ್ಳಾಪುರದವನು

ನಾನು ಮೊದಲು ಬರೆದಿದ್ದು ಮೋಟಾರ್ ವಿಷಯ ಗೊತ್ತಿಲ್ಲದೆ. ಜಾತ್ರೆಯಲ್ಲೂ ಹಾಯೋ ಎತ್ತಾದ್ರೆ ಹಾಯುತ್ತೆ ಅಂತ ಹೇಳಿಯೇ ನಮ್ಮ ತಾತ ಮಾರ್ತಿದ್ರು. ಹೇಳದೆ ಮಾರಿದ್ರೆ ಮುಂದಿನ ವರ್ಷ ಅವರ ಹಗ್ಗ ಹಿಡಿಯೋಕೆ ಯಾರೂ ಬರ್ತಿರಲಿಲ್ಲ.

ಒಂದು ಅನುಮಾನ ಮಾತ್ರ ಉಳಿದಿದೆ. ಅವರು ಬ್ಯಾಗ್ ಹೊಲಿದು ಮಾರಿ ದುಡಿಯೋಕೆ ಕೊಂಡಿದ್ದು. ವ್ಯಾಪಾರಕ್ಕೆ ಕೊಂಡೋರು ‘ಗ್ರಾಹಕ’ ಆಗಲ್ಲ ಅಂತ ಎಲ್ಲೋ ಓದಿದ್ದೆ.

ಕಪ್ಪು ಕೋಟು

ಒಳ್ಳೇ ಪ್ರಶ್ನೆ. ಅಂಗಡಿ ಪರ ವಕೀಲರು ಮೊದಲು ಎತ್ತೋದೇ ಇದನ್ನ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಅನ್ನೋದು ನಿಜ. ಆದರೆ ಸ್ವಂತ ದುಡಿಮೆಯಿಂದ, ಬರೀ ಹೊಟ್ಟೆಪಾಡಿಗೆ ಅಂತ ಕೊಂಡು ತಾವೇ ಬಳಸಿದರೆ ಅದು ವಾಣಿಜ್ಯ ಉದ್ದೇಶವಲ್ಲ ಅಂತ ಕಾಯ್ದೆಯಲ್ಲೇ ವಿವರಣೆ ಇದೆ. ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ಇದನ್ನ ಬಿಡಿಸಿ ಹೇಳಿತು. ಮಷಿನ್ ಕೊಂಡು ತಾನೇ ಕೂತು ದುಡಿಯೋನು ಗ್ರಾಹಕನೇ, ನೆರವಿಗೆ ಒಬ್ಬಿಬ್ಬರನ್ನ ಇಟ್ಟುಕೊಂಡರೂ ಗ್ರಾಹಕನೇ. ಇಪ್ಪತ್ತು ಮಷಿನ್ ಹಾಕಿ ಇಪ್ಪತ್ತು ಜನರನ್ನ ಕೂರಿಸಿದರೆ ಮಾತು ಬೇರೆ. ಸುಂಕದಕಟ್ಟೆಯ ಆ ತಾಯಿ ಖಂಡಿತ ಗ್ರಾಹಕಿ.

ನ್ಯಾಷನಲ್ ಮಾರ್ಕೆಟ್ ಹುಡುಗ

ನಾನು ಹಳೇ ಮೊಬೈಲ್ ಲೈನ್. ದೋಷಕ್ಕಿಂತ ನಮ್ಮನ್ನ ಜಾಸ್ತಿ ಸುಟ್ಟಿರೋದು ಕದ್ದ ಮಾಲು. ಸೆಕ್ಷನ್ 14 ಅಂತ ವಕೀಲ್ರು ಒಂದೇ ಸಾಲಲ್ಲಿ ಹೇಳಿ ಮುಂದೆ ಹೋದ್ರು, ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ದೊಡ್ಡದು.

ಎರಡು ವರ್ಷದ ಹಿಂದೆ ಒಬ್ಬ ಕಾಲೇಜು ಹುಡುಗನ ಹತ್ರ ಫೋನ್ ಕೊಂಡು ಬೇರೆಯವರಿಗೆ 8,000ಕ್ಕೆ ಮಾರಿದೆ. ಮೂರನೇ ವಾರ ಪೊಲೀಸ್ರು ಕೊಂಡವರ ಮನೆಗೆ ಹೋಗಿ ಫೋನ್ ತಗೊಂಡು ಹೋದ್ರು. ಕೊಂಡವರದ್ದು ತಪ್ಪೇ ಇಲ್ಲ, ಆದ್ರೂ ಫೋನ್ ಹೋಯ್ತು. ಕಳ್ಳನಿಂದ ಕೊಂಡೋನಿಗೆ ಕಳ್ಳನಿಗಿಂತ ಜಾಸ್ತಿ ಹಕ್ಕು ಬರಲ್ಲ. ಅವರ ದುಡ್ಡನ್ನ ನಾನು ಪೂರ್ತಿ ವಾಪಸ್ ಕೊಟ್ಟೆ. ಸ್ಟೇಷನ್‌ನಲ್ಲಿ ಮೂರು ದಿನ ಕೂತೆ. ಹುಡುಗನ ಆಧಾರ್ ಪ್ರತಿ, ಫೋಟೋ, ಸಹಿ ಎಲ್ಲ ಇಟ್ಟಿದ್ದಕ್ಕೆ ಬಚಾವ್ ಆದೆ. ಕದ್ದ ಮಾಲು ಅಂತ ಗೊತ್ತಿದ್ದು, ಇಲ್ಲ ಅನುಮಾನಪಡೋಕೆ ಕಾರಣ ಇದ್ದೂ ತಗೊಂಡ್ರೆ ಈಗಿನ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್‌ನಲ್ಲಿ ಮೂರು ವರ್ಷದವರೆಗೂ ಜೈಲಿದೆ. ಬೆಲೆ ಕೇಳಿದ ತಕ್ಷಣ ಅರ್ಧಕ್ಕೆ ಒಪ್ಪಿಕೊಂಡ್ರೆ ಅದೇ ಅನುಮಾನದ ಕಾರಣ ಅಂತ ಇನ್‌ಸ್ಪೆಕ್ಟರ್ ಹೇಳಿದ್ದು ಇವತ್ತಿಗೂ ಮರೆತಿಲ್ಲ.

ಅವತ್ತಿಂದ ಕೊಳ್ಳೋ ಮೊದಲೇ *#06# ಒತ್ತಿ ಐಎಂಇಐ ನಂಬರ್, ಅಂದ್ರೆ ಪ್ರತಿ ಫೋನ್‌ಗೂ ಇರೋ ಗುರುತಿನ ನಂಬರ್, ತೆಗೀತೀನಿ. ಕೆವೈಎಂ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಮೆಸೇಜ್ ಕಳಿಸ್ತೀನಿ. ಬ್ಲಾಕ್ ಆಗಿದ್ರೆ ಅಲ್ಲೇ ಗೊತ್ತಾಗುತ್ತೆ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟ್‌ನಲ್ಲೂ ನೋಡಬಹುದು. ಗಿರಾಕಿ ಎದುರಲ್ಲೇ ಇನ್ನೊಂದು ಸಲ ಮಾಡಿ ತೋರಿಸ್ತೀನಿ, ಐಎಂಇಐ ಬಿಲ್‌ನಲ್ಲಿ ಬರೀತೀನಿ. ವಾರಂಟಿ ನಾನೂ ಕೊಡಲ್ಲ.

ಕಪ್ಪು ಕೋಟು

ಒಪ್ಪಿದೆ, ಅದನ್ನ ನಾನು ಬೇಗ ದಾಟಬಾರದಿತ್ತು. ಮಷಿನ್ ಅಂಗಡಿಯವರೇ, ನಿಮಗೂ ಇದು ತಾಗುತ್ತೆ, ಬೇರೆ ರೀತಿಯಲ್ಲಿ. ಮುಚ್ಚಿದ ಗಾರ್ಮೆಂಟ್ಸ್‌ನ ಮಷಿನ್‌ಗಳ ಮೇಲೆ ಬ್ಯಾಂಕ್ ಸಾಲ ಇರೋದು ಹೆಚ್ಚು. ಮಾಲೀಕ ರಾತ್ರೋರಾತ್ರಿ ಲಾರಿಗೆ ತುಂಬಿ ಮಾರಿದ ಮಾಲನ್ನ ಬ್ಯಾಂಕ್‌ನವರು ಹುಡುಕಿಕೊಂಡು ಬರಬಹುದು. ಸರಕಿನ ಮೇಲೆ ಮೂರನೆಯವರ ಸಾಲದ ಹೊರೆ ಇಲ್ಲ ಅನ್ನೋ ಭರವಸೆಯೂ ಸೆಕ್ಷನ್ 14ರಲ್ಲೇ ಇದೆ. ಹೊರೆ ಇದ್ದರೆ ಕೊಳ್ಳುವವರಿಗೆ ಮೊದಲೇ ತಿಳಿಸಿರಬೇಕು. ಲಾಟ್ ಎತ್ತೋವಾಗ ಫ್ಯಾಕ್ಟರಿಯ ಇನ್‌ವಾಯ್ಸ್, ಮಷಿನ್ ನಂಬರ್‌ಗಳ ಪಟ್ಟಿ, ಬ್ಯಾಂಕ್ ಸಾಲ ಇಲ್ಲ ಅಂತ ಮಾಲೀಕರ ಪತ್ರ ತಗೊಳ್ಳಿ.

ಲೆಕ್ಕದ ಪುಸ್ತಕ

ಇನ್‌ವಾಯ್ಸ್ ಮಾತು ಬಂತಲ್ಲ, ತೆರಿಗೆ ಬಗ್ಗೆ ಚುಟುಕಾಗಿ. ಹಳೇ ಸಾಮಾನು ಮಾರೋರು ಪೂರ್ತಿ ಬೆಲೆ ಮೇಲೆ ಜಿಎಸ್‌ಟಿ ಕಟ್ಟಬೇಕು ಅಂತ ಹೆದರಿ ಬಿಲ್ಲೇ ಕೊಡಲ್ಲ. ಹಾಗೆ ಮಾಡಬೇಡಿ. ಸಿಜಿಎಸ್‌ಟಿ, ಅಂದ್ರೆ ಕೇಂದ್ರದ ಜಿಎಸ್‌ಟಿ, ನಿಯಮ 32ರ ಐದನೇ ಉಪನಿಯಮದಲ್ಲಿ ಮಾರ್ಜಿನ್ ಪದ್ಧತಿ ಇದೆ. ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರೋ ವ್ಯತ್ಯಾಸಕ್ಕೆ ಮಾತ್ರ ತೆರಿಗೆ, ನಷ್ಟಕ್ಕೆ ಮಾರಿದ್ರೆ ಅದನ್ನ ಲೆಕ್ಕಕ್ಕೆ ಹಿಡಿಯಲ್ಲ. ಎರಡು ಷರತ್ತು: ಆ ಮಾಲಿನ ಮೇಲೆ ನೀವು ಇನ್‌ಪುಟ್ ಕ್ರೆಡಿಟ್ (ಕೊಳ್ಳೋವಾಗ ಕೊಟ್ಟ ತೆರಿಗೆಯನ್ನ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳೋದು) ತಗೊಂಡಿರಬಾರದು, ಸಣ್ಣಪುಟ್ಟ ರಿಪೇರಿ ಬಿಟ್ಟು ಸಾಮಾನಿನ ಸ್ವರೂಪ ಬದಲಾಯಿಸಿರಬಾರದು. ಫ್ಯಾಕ್ಟರಿ ಇನ್‌ವಾಯ್ಸ್ ಮೇಲೆ ಕ್ರೆಡಿಟ್ ತಗೊಂಡಿದ್ರೆ ಈ ದಾರಿ ಇಲ್ಲ. ಸರಕು ಮಾತ್ರ ಮಾರೋ ಅಂಗಡಿಯ ವಹಿವಾಟು ವರ್ಷಕ್ಕೆ 40 ಲಕ್ಷದೊಳಗೆ ಇದ್ದರೆ ಕರ್ನಾಟಕದಲ್ಲಿ ಸಾಮಾನ್ಯವಾಗಿ ನೋಂದಣಿಯೇ ಬೇಕಿಲ್ಲ. ಬೇಕಿಲ್ಲದಿದ್ದರೂ ಬಿಲ್ ಕೊಡಿ.

ಹಳೇ ಗಾಡಿ

ಕಾರು, ಬೈಕ್ ಲೈನ್‌ನವರಿಗೆ ಒಂದು ಮಾತು. 2023ರ ಏಪ್ರಿಲ್‌ನಿಂದ ಹಳೇ ವಾಹನ ಕೊಂಡು ಮಾರೋ ಡೀಲರ್ ಆರ್‌ಟಿಒದಿಂದ ಅಧಿಕಾರಪತ್ರ ತಗೊಳ್ಳಬೇಕು. ಮಾಲೀಕರು ಗಾಡಿಯನ್ನ ಡೀಲರ್ ಕೈಗೆ ಕೊಟ್ಟಾಗ ಫಾರಂ 29ಸಿ ಮೂಲಕ ತಿಳಿಸಬೇಕು. ಗಾಡಿ ಕೊಟ್ಟು ಬರೋರೇ, ಆ ಫಾರಂ ಆಗಿದೆಯಾ ಅಂತ ಕೇಳದೆ ಕೀ ಕೊಡಬೇಡಿ. ಆರ್‌ಸಿಯಲ್ಲಿ ಹೆಸರು ನಿಮ್ಮದೇ ಇದ್ದರೆ ಅಪಘಾತದ ಪರಿಹಾರ ನಿಮ್ಮ ತಲೆಗೇ ಬರುತ್ತೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನೂಲು-ಸೂಜಿ

ವಿಷಯ ಎಲ್ಲೆಲ್ಲೋ ಹೋಯ್ತು, ನಾನು ಮೋಟಾರ್‌ಗೇ ವಾಪಸ್ ಬರ್ತೀನಿ. ಸುಟ್ಟು ರೀವೈಂಡಿಂಗ್ ಆದ ಮೋಟಾರ್‌ಗೆ ಅರ್ಥಿಂಗ್ ಸರಿ ಇತ್ತಾ ಅಂತ ಯಾರಾದ್ರೂ ನೋಡಿದ್ರಾ? ಹಳೇ ಮಷಿನ್‌ನಲ್ಲಿ ಮೂರು ಪಿನ್ ಪ್ಲಗ್ ಕಿತ್ತು ಎರಡು ತಂತಿ ಸಿಕ್ಕಿಸಿ ಕೊಡೋದನ್ನ ನನ್ನ ಕಣ್ಣಾರೆ ನೋಡಿದ್ದೀನಿ. ಮಷಿನ್ ಪೂರ್ತಿ ಕಬ್ಬಿಣ. ಮಳೆಗಾಲದಲ್ಲಿ ಬರಿಗಾಲಲ್ಲಿ ಪೆಡಲ್ ಮೇಲೆ ಕಾಲಿಟ್ಟಾಗ ಜುಂ ಅಂದಿದ್ದು ನನಗೇ ಆಗಿದೆ. ಪಕ್ಕದಲ್ಲಿ ಮಗು ಆಡ್ತಿತ್ತು. ದುಡ್ಡು ಹೋದ್ರೆ ದುಡೀಬಹುದು.

ಕಪ್ಪು ಕೋಟು

ಅಕ್ಕ, ನೀವು ಹೇಳಿದ್ದಕ್ಕೆ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬೇರೆ ಅಧ್ಯಾಯವೇ ಇದೆ, ಉತ್ಪನ್ನ ಹೊಣೆಗಾರಿಕೆ ಅಂತ. ಮಷಿನ್ ತಯಾರಿಸಿದೋರು ಬೇರೆ, ಮಾರಿದೋರು ಬೇರೆ ಇದ್ದರೂ ಕೆಲವು ಸಂದರ್ಭದಲ್ಲಿ ಮಾರಿದೋರೇ ಹೊಣೆ, ಸೆಕ್ಷನ್ 86. ಮಾರಿದೋರು ಅದನ್ನ ಮಾರ್ಪಡಿಸಿದ್ದು ಮುಖ್ಯ ಕಾರಣವಾಗಿ, ಇಲ್ಲ ಜೋಡಿಸೋವಾಗ, ಪರೀಕ್ಷಿಸೋವಾಗ ಎಚ್ಚರ ತಪ್ಪಿದ್ದರಿಂದ ಯಾರಿಗಾದರೂ ಗಾಯ ಆದರೆ, ಜೀವ ಹೋದರೆ, ಮನೆ ಸುಟ್ಟರೆ ಪರಿಹಾರ ಕೊಡಬೇಕು. ಪ್ಲಗ್ ಕಿತ್ತು ತಂತಿ ಸಿಕ್ಕಿಸೋದು ಮಾರ್ಪಾಡೇ. ಇಂಥ ಕಡೆ ‘ನೋ ವಾರಂಟಿ’ ಚೀಟಿ ಹಿಡಿದು ಬರೋ ಅಂಗಡಿಯವರ ಪರ ನಾನು ವಕಾಲತ್ತು ಹಾಕಲ್ಲ.

ಕೊಂಡವರ ಕಡೆಯವರು ಇದನ್ನ ಓದ್ತಿದ್ದರೆ ಅವರಿಗೂ ದಾರಿ ಹೇಳ್ತೀನಿ. ಮೊದಲು ಅಂಗಡಿಗೆ ಬರವಣಿಗೆಯಲ್ಲಿ ತಿಳಿಸಿ, ವಾಟ್ಸಾಪ್ ಆದರೂ ಸರಿ. ಆಮೇಲೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ, ಜನ ಗ್ರಾಹಕರ ಕೋರ್ಟ್ ಅನ್ನೋದು ಇದನ್ನೇ. ಬೆಂಗಳೂರು ನಗರದ ಆಯೋಗಗಳು ಶಾಂತಿನಗರದ ಬಿಎಂಟಿಸಿ ಕಟ್ಟಡದಲ್ಲಿವೆ. ಈಗ ದೂರು ನೀಡುವವರು ವಾಸಿಸೋ ಇಲ್ಲ ಕೆಲಸ ಮಾಡೋ ಜಿಲ್ಲೆಯಲ್ಲೂ ಹಾಕಬಹುದು, ಆದ್ದರಿಂದ ತುಮಕೂರಿನವರು ಇಲ್ಲಿಗೆ ಅಲೆಯಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯವಲ್ಲ. ತೊಂದರೆ ಶುರುವಾದ ಎರಡು ವರ್ಷದೊಳಗೆ ಹಾಕಬೇಕು. ಮೂರು ತಿಂಗಳು, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನಿಸೋ ಪ್ರಯತ್ನ ಮಾಡಬೇಕು ಅಂತ ಕಾಯ್ದೆ ಹೇಳುತ್ತೆ. ನಿಜದಲ್ಲಿ ಹೆಚ್ಚು ಹಿಡಿಯುತ್ತೆ, ಅದನ್ನ ಮುಚ್ಚಿಡಲ್ಲ. ಅದಕ್ಕೇ ಕೂತು ಮಾತಾಡಿ ಮುಗಿಸಿಕೊಳ್ಳಿ ಅಂತ ನನ್ನ ಬಳಿ ಬಂದವರಿಗೆ ಮೊದಲು ಹೇಳೋದು.

ಮೋಟಾರ್ ಅನ್ನ ಮಾತ್ರ ಯಾರೂ ಬಿಚ್ಚಬೇಡಿ, ಹೊಸದಾಗಿ ಕಾಯಿಲ್ ಕಟ್ಟಿಸಬೇಡಿ. ಇಬ್ಬರಿಗೂ ಇರೋ ಸಾಕ್ಷಿ ಅದೊಂದೇ.

ಮಷಿನ್ ಅಂಗಡಿ, ಕಾಮಾಕ್ಷಿಪಾಳ್ಯ

ಆರು ದಿನ ಆದ್ಮೇಲೆ ಬರೀತಿದ್ದೀನಿ. ಭಾನುವಾರ ಮೆಕ್ಯಾನಿಕ್‌ನ ಕರ್ಕೊಂಡು ಸುಂಕದಕಟ್ಟೆಗೆ ಹೋದೆ. ಒಂದೇ ರೂಮಿನ ಮನೆ. ಕಿಟಕಿ ಪಕ್ಕ ಮಷಿನ್, ಅದರ ಮೇಲೆ ಹಳೇ ಸೀರೆ ಹೊದಿಸಿದ್ರು. ಗೋಡೆಗೆ ಒರಗಿಸಿ ಅರ್ಧ ಹೊಲಿದ ನೀಲಿ ಬ್ಯಾಗ್‌ಗಳು, ನಲವತ್ತರ ಮೇಲಿದ್ವು. ಪಟ್ಟಿ ಕೂರಿಸೋದೊಂದೇ ಬಾಕಿ. ಮುರಿದ ಸೂಜಿಗಳನ್ನ ಒಂದು ಬೆಂಕಿಪೊಟ್ಟಣದಲ್ಲಿ ಹಾಕಿಟ್ಟಿದ್ರು, ಮಕ್ಕಳ ಕಾಲಿಗೆ ಚುಚ್ಚಬಾರದು ಅಂತ. ಹದಿನೇಳು ಸೂಜಿ.

ಮೋಟಾರ್ ಮೊದಲೇ ಸುಟ್ಟಿದ್ದು ನನಗೆ ಗೊತ್ತಿತ್ತು ಅಂತ ಅವರಿಗೆ ಹೇಳಿದೆ. ಮೈದುನ ಎದ್ದು ನಿಂತ. ಅವರು ‘ಕೂತ್ಕೋ’ ಅಂದ್ರು. ನನಗೆ ಮಾತ್ರ ‘ಅವತ್ತೇ ಹೇಳಿದ್ರೆ ಬೇರೆ ಕಡೆ ಕೇಳ್ತಿದ್ದೆ ಅಲ್ವಾ ಅಣ್ಣ’ ಅಂದ್ರು. ಅಷ್ಟೇ.

ದುಡ್ಡು ವಾಪಸ್ ತಗೋತೀರಾ, ಬ್ಯಾಗ್‌ಗೆ ಆಗೋ ಮಷಿನ್ ಬೇಕಾ ಅಂತ ಕೇಳಿದೆ. ಮಷಿನ್ ಬೇಕು ಅಂದ್ರು. ಪರಿಚಯದವರ ಹತ್ರ ವಾಕಿಂಗ್ ಫುಟ್ ಮಷಿನ್ ಒಂದು ಸಿಕ್ತು, ಬೆಲೆ 6,000 ಜಾಸ್ತಿ. ಅದರಲ್ಲಿ ಅರ್ಧ ನಾನು ಬಿಟ್ಟೆ, ಇನ್ನರ್ಧ ಮೂರು ತಿಂಗಳಲ್ಲಿ ಕೊಡ್ತಾರೆ. ಅವರದ್ದೇ ಬ್ಯಾಗ್‌ನ ಪಟ್ಟಿ ಹಾಕಿ ಐದು ಪದರ ಹೊಲಿಸಿ ತೋರಿಸಿದೆ. ಅರ್ಥಿಂಗ್ ಟೆಸ್ಟರ್ ಹಿಡಿದು ನೋಡಿದ್ವಿ. ಇದೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ವಿ.

ಬಿಲ್ ಬುಕ್ ಹೊಸದಾಗಿ ಅಚ್ಚಿಗೆ ಕೊಟ್ಟಿದ್ದೀನಿ. ‘ಮಾರಿದ ಮಾಲು ವಾಪಸ್ ಇಲ್ಲ’ ತೆಗೆಸಿದೆ. ‘ಅಂಗಡಿಯ ವಾರಂಟಿ ಇಲ್ಲ’ ಅನ್ನೋದು ಉಳಿಸ್ದೆ, ಅದು ನಿಜ. ಅದರ ಮೇಲೆ ಖಾಲಿ ಜಾಗ ಬಿಡಿಸಿದ್ದೀನಿ: ಯಾವ ಕೆಲಸಕ್ಕೆ ಕೇಳಿದ್ರು, ಏನೇನು ಬದಲಾಯಿಸಿದ್ದೀವಿ, ನಮಗೆ ಗೊತ್ತಿರೋ ದೋಷ ಏನು, ಮೋಟಾರ್ ರೀವೈಂಡಿಂಗ್ ಆಗಿದೆಯಾ. ದುಡ್ಡು ತಗೊಳ್ಳೋ ಮೊದಲು ಓದಿ ಹೇಳಿ ಸಹಿ. ನಿನ್ನೆ ಒಬ್ಬರಿಗೆ ಹಾಗೆ ಓದಿ ಹೇಳಿದೆ, 500 ಕಮ್ಮಿ ಮಾಡಿ ಅಂದ್ರು. ಮಾಡಿದೆ.

ಕಪ್ಪು ಕೋಟು

ಹಾಳೆಯ ಒಂದು ಪ್ರತಿ ಅವರ ಹತ್ರ ಇದೆಯಾ?

ಮಷಿನ್ ಅಂಗಡಿ, ಕಾಮಾಕ್ಷಿಪಾಳ್ಯ

ಇದೆ ಸರ್. ಅವರ ಹತ್ರ ಒಂದು, ನನ್ನ ಹತ್ರ ಒಂದು.

ನೂಲು-ಸೂಜಿ

ಅಣ್ಣ, ನನಗೊಂದು ಮೂರು ದಾರದ ಓವರ್‌ಲಾಕ್, ಅಂಚು ಹೊಲಿಯೋ ಮಷಿನ್, ಬೇಕಿತ್ತು. ಟೀ ಶರ್ಟ್ ಬಟ್ಟೆಗೆ. ಇದೆಯಾ?

ಮಷಿನ್ ಅಂಗಡಿ, ಕಾಮಾಕ್ಷಿಪಾಳ್ಯ

ಒಂದಿದೆ ಅಕ್ಕ. ದಾರ ಹೆಣೆಯೋ ಲೂಪರ್ ಚೆನ್ನಾಗಿದೆ, ಕೆಳಗಿನ ಚಾಕು ಸವೆದಿದೆ, ಬದಲಾಯಿಸಬೇಕು. ಮೋಟಾರ್ ಬಿಚ್ಚಿ ನೋಡಿದ್ದೀನಿ, ಕಾಯಿಲ್ ಫ್ಯಾಕ್ಟರಿಯದ್ದೇ. ಬರೋವಾಗ ನಿಮ್ಮ ಬಟ್ಟೆ ತಗೊಂಡು ಬನ್ನಿ, ಅದರಲ್ಲೇ ಹೊಲಿದು ನೋಡಿ.